ಖಾಲಿ ತೂಕ

ಇಪ್ಪತ್ತೇಳು ವರ್ಷ ಕಬ್ಬು ತೂಗಿದವನು ನಾನು.
ಲಾರಿ ತುಂಬಿ ಬಂದರೆ ಒಂದು ಚೀಟಿ,
ಖಾಲಿಯಾಗಿ ಬಂದರೆ ಇನ್ನೊಂದು.
ಕಳೆದು ಉಳಿದದ್ದು ಕಬ್ಬು.
ನಡುವೆ ಟೀ, ಎರಡು ಬೋಂಡ, ಮತ್ತೆ ಟೀ.

ಒಂದು ಸಂಜೆ ಸಾಲು ಮುಗಿದು ವೇಬ್ರಿಡ್ಜ್ ಬರಿದಾಗಿದ್ದಾಗ
ಸುಮ್ಮನೆ ಹೋಗಿ ನಟ್ಟನಡುವೆ ನಿಂತೆ.
ಕಿಟಕಿಯೊಳಗಿನ ಕೆಂಪಂಕಿ ಎಂಬತ್ತು ಅಂತು.
ಇಪ್ಪತ್ತಿಪ್ಪತ್ತರಲ್ಲೇ ಎಣಿಸುವ ಯಂತ್ರ ಅದು,
ಚಿಲ್ಲರೆ ಅದಕ್ಕೆ ತಿಳಿಯದು.
ಸೊಂಟದ ಸುತ್ತಿನ ನಾಲ್ಕು ಕೆಜಿ
ಚೀಟಿಯಿಲ್ಲದ ಸರಕಿನ ಹಾಗೆ
ನನ್ನ ಜೊತೆ ಓಡಾಡಿಕೊಂಡಿತ್ತು.

ಆಗ ನನಗೆ ಐವತ್ತೊಂದು.

ಗುತ್ತಲು ರಸ್ತೆ. ಕೆಳಗೆ ಪಂಚರ್ ಅಂಗಡಿ, ಮೇಲೆ ಜಿಮ್ಮು.
ಸುಹೇಲ್‌ಗೆ ಸರ್ ಅನ್ನಬೇಕೋ ಅಂಕಲ್ ಅನ್ನಬೇಕೋ ತೋಚದೆ
"ಬೀಪಿ ಮಾತ್ರೆ ಏನಾದ್ರೂ?" ಅಂದ.
ಮೊದಲ ದಿನ ಬರೀ ಕಂಬಿ ಕೊಟ್ಟ, ಬಿಲ್ಲೆ ಹಾಕದೆ.
ದಿನಕ್ಕೆ ನೂರಾರು ಟನ್ನು ದಾಟಿಸುವವನ ತೋಳು
ಅಷ್ಟಕ್ಕೇ ನಡುಗಿತು.
ಬೆರಳಲ್ಲಿ ಟನ್ನು ದಾಟಿಸುವುದೇ ಬೇರೆ.

ಎರಡು ವರ್ಷ. ಅದರ ಉದ್ದ ಮಂಡಿಗಳನ್ನು ಕೇಳಿ.
ಮುದ್ದೆ ಅರ್ಧವಾಯಿತು, ನಿಂಬೆಯಷ್ಟಾಯಿತು, ಹೋಯಿತು.
ಹತ್ತು ಮೊಟ್ಟೆಯ ಬಿಳಿ ನನಗೆ,
ಹಳದಿ ಎದುರುಮನೆ ಬಾಣಂತಿಗೆ.
"ಆ ಮಗಿ ದುಂಡ್‌ಗಾಯ್ತಾ ಐತೆ, ನೀವ್ ಸೊರಗ್ತಾ ಇದ್ದೀರಿ"
ಅಂದಳು ಪ್ರಮೀಳ.
"ಮಗಳ ಮದುವೆ ಮಾಡೋ ವಯಸ್ಸಲ್ಲಿ
ಚಡ್ಡೀಲಿ ನಿಲ್ಲೋ ತೆವಲು" ಅಂದ ಷಡ್ಡಕ, ನನ್ನೆದುರೇ.
ಆಲೆಮನೆಯ ಬೆಲ್ಲದ ಕಂಪು ಗಾಳಿಗೆ ಬಂದ ರಾತ್ರಿ
ಕಿಟಕಿ ಹಾಕಿ ಮಲಗಿದೆ.
ಸಕ್ಕರೆ ಊರಲ್ಲಿ ಎಲ್ಲಿಗೆ ಅಂತ ಓಡಲಿ.

ಸ್ಪರ್ಧೆಯ ಹಿಂದಿನ ರಾತ್ರಿ
ಅಡುಗೆಮನೆಯಲ್ಲಿ ಹಳೇ ಪೇಪರು ಹಾಸಿ ನಿಂತೆ.
ಡಬ್ಬಿಯ ಕಂದು ಬಣ್ಣ ಎದೆಗೆ, ತೊಡೆಗೆ ನಾನೇ ಬಳಿದುಕೊಂಡೆ.
ಬೆನ್ನು ಎಟುಕಲಿಲ್ಲ.
ಅಷ್ಟು ಬೆವರು ಸುರಿದು ಕಟ್ಟಿದ್ದು,
ಒಮ್ಮೆಯೂ ಅದನ್ನು ನೇರ ಕಂಡವನಲ್ಲ ನಾನು.
ಪ್ರಮೀಳ ಸೆರಗು ಸಿಕ್ಕಿಸಿ ಸ್ಪಂಜು ಹಿಡಿದಳು,
ಹಬ್ಬದ ಮುಂಚೆ ಗೋಡೆಗೆ ಸುಣ್ಣ ಹೊಡೆವ ಹಾಗೆ
ಮೇಲಿಂದ ಕೆಳಕ್ಕೆ.
ಒಂದು ಕಡೆ ಕೈ ನಿಂತಿತು.
"ಇಲ್ಲೊಂದ್ ಮಚ್ಚೆ ಐತೆ. ನಾನ್ ನೋಡೇ ಇಲ್ವಲ್ಲ?"
ಯಾವ ಮಡಿಕೆಯೊಳಗೆ ಅಡಗಿತ್ತೋ.
ಅದರ ಮೇಲೂ ಬಳಿದಳು, ಎರಡು ಸಲ.

ಬೆಳಗಿನ ಬಸ್ಸು, ತುಂಬುತೋಳಿನ ಅಂಗಿ, ಸೀಟಿಗೆ ಟವೆಲು.
ಹಿಂದಿನ ದಿನದಿಂದ ನೀರು ಮುಟ್ಟಿರಲಿಲ್ಲ.
ಶ್ರೀರಂಗಪಟ್ಟಣದ ಸೇತುವೆ ಮೇಲೆ
ಹೊಳೆ ಕಡೆ ಕತ್ತು ತಿರುಗಿಸಲಿಲ್ಲ.

ಮೈಸೂರು, ಟೌನ್ ಹಾಲು. ಐವತ್ತು ದಾಟಿದವರ ಸರದಿ.
ಚಾಮರಾಜನಗರದ ಪಿ.ಟಿ. ಮೇಷ್ಟ್ರು, ರೈಲ್ವೆಯ ಇಬ್ಬರು, ನಾನು.
ಮೈಕು "ರಿಲ್ಯಾಕ್ಸ್" ಅಂತು.
ಆ ಮಾತಿಗೆ ಅಲ್ಲಿ ಅರ್ಥವೇ ಬೇರೆ:
ತೊಡೆ ಬಿಗಿ, ಹೊಟ್ಟೆ ಒಳಕ್ಕೆ, ರೆಕ್ಕೆ ಅಗಲ,
ಮುಖ ಮಾತ್ರ ಏನೂ ಆಗಿಲ್ಲವೆಂಬಂತೆ ನಗುತ್ತಿರಬೇಕು.
ಆರು ತಿಂಗಳು ಅದನ್ನೇ ಕಲಿಸಿದ್ದ ಸುಹೇಲ್.
ಕಲಿಸಬೇಕಿರಲಿಲ್ಲ ಹುಡುಗ,
ಸೀಸನ್ನಿನಲ್ಲಿ ಆ ಕಿಟಕಿ ಹಿಂದೆ ನಾನು ನಿಂತದ್ದೆಲ್ಲ ಹಾಗೇ.

ಹಿಂದೆ ತಿರುಗಿ ಅಂದರು. ತಿರುಗಿದೆ.
ಜನಕ್ಕೆ ಬೆನ್ನು, ನನಗೆ ಧೂಳು ಹಿಡಿದ ಪರದೆ.
ಮೂರನೇ ಸಾಲಿಂದ ಒಂದು ಶಿಳ್ಳೆ ಎದ್ದಿತು,
ಉದ್ದಕ್ಕೆ, ಬೆರಳು ಮಡಿಸಿ ಹೊಡೆದದ್ದು.
ಆ ಸಾಲಲ್ಲಿ ಇದ್ದ ಹೆಂಗಸು ಒಬ್ಬಳೇ.
ಅವಳಿಗೆ ಶಿಳ್ಳೆ ಹಾಕಲು ಬರುತ್ತದೆಂದು
ಯಾರೂ ನನಗೆ ಹೇಳಿರಲಿಲ್ಲ.

ನಾಲ್ಕನೇ ಸ್ಥಾನ. ನಾಲ್ವರಲ್ಲಿ.
ಸರ್ಟಿಫಿಕೇಟಿನಲ್ಲಿ ಶಿವನಂಜ ಅಂತಿದೆ,
ಕೊಂಬು ಬಿಟ್ಟುಹೋಗಿದೆ.

ಸೋಮವಾರ ಕಿವಿಯ ಹಿಂದೆ ಬಣ್ಣ ಉಳಿದಿತ್ತು.
"ಯಾವ್ ನಾಟಕ? ಏನ್ ಪಾರ್ಟಣ್ಣೋ?" ಅಂದ ಡ್ರೈವರು.
ಚೀಟಿ ಹರಿದು ಕೊಟ್ಟೆ.
ಸಂಜೆ ಲಾರಿಗಳೆಲ್ಲ ಹೋದ ಮೇಲೆ ಮತ್ತೆ ಹೋಗಿ ನಿಂತೆ.
ಅರವತ್ತು ಅಂತು.
ನಿಜಕ್ಕೂ ಅರವತ್ತೆಂಟು ಇದ್ದೇನೆ.
ಎಂಟು ಕೆಜಿ ಚೀಟಿಯಿಲ್ಲದೆ ಗೇಟು ದಾಟಿ
ಟೀ ಅಂಗಡಿಗೆ ಹೋಯಿತು,
ಎರಡು ಬೋಂಡ ಕೊಡಿ ಅಂತು,
ಒಂದನ್ನು ಪೇಪರಿನಲ್ಲಿ ಕಟ್ಟಿಸಿಕೊಂಡಿತು.