ಗೇಟು ಹಾಕಿದೆ

ಮೀಟರ್‌ಗೇಜಿನ ಕಾಲದಲ್ಲಿ ಚಾಮರಾಜನಗರದ ಗಾಡಿ
ಕಣ್ಣಿಗೆ ಬೀಳುವ ಮುಂಚೆಯೇ ಕೆಮ್ಮುತ್ತಿತ್ತು;
ಕಡಕೊಳದ ಗೇಟು ಹಾಕಲು ನನಗೆ ಗಡಿಯಾರ ಬೇಕಿರಲಿಲ್ಲ.

ಹಾಕಿದರೆ ಹತ್ತು ನಿಮಿಷ, ಒಮ್ಮೊಮ್ಮೆ ಇಪ್ಪತ್ತು.
"ಏನ್ ಸಿದ್ದಮಾದಣ್ಣ, ನಿಮ್ಮಪ್ಪನ ರಸ್ತೇನಾ ಇದು?"
ಬೈದವರೇ ಇಳಿದು ಬಂದು ಬೀಡಿಗೆ ಬೆಂಕಿ ಕೇಳುತ್ತಿದ್ದರು.
ತಾಯೂರಿನ ಕೆಂಪಮ್ಮಣ್ಣಿಯ ಬುಟ್ಟಿಯ ರಸಬಾಳೆ
ಮೈಸೂರು ಕಾಣುವ ಮೊದಲೇ ಅರ್ಧ ಖಾಲಿ.
ಕಬ್ಬಿನ ಗಾಡಿಯ ಎತ್ತಿಗೆ ನಿಂತಲ್ಲೇ ಜೋಂಪು.
ಒಮ್ಮೆ ಒಂದು ಹೆಣವೂ ಕಾಯಿತು,
ತಮಟೆಯವರು ಕೈ ನಿಲ್ಲಿಸಿ ಬೋಗಿ ಎಣಿಸಿದರು.

ಆಮೇಲೆ ಹಳಿ ಅಗಲವಾಯಿತು.
ಮಂಡಕಳ್ಳಿಯಲ್ಲಿ ವಿಮಾನ ಇಳಿದ ದಿನ
ಹಸಿರು ಬಾವುಟ ಕೈಯಲ್ಲೇ ಇತ್ತು.
ಬಾಯಿ ಬಿಟ್ಟು ನೋಡಿದೆ:
ಇದಕ್ಕೆ ಗೇಟು ಹಾಕುವವರು ಯಾರಪ್ಪ?
ಸದ್ಯ, ರೈಲು ತಡವಾಗಿತ್ತು.

ಈಗ ಹಳಿಯ ಕೆಳಗೇ ರಸ್ತೆ.
ಮಳೆ ಬಂದರೆ ಮೊಣಕಾಲುದ್ದ ನೀರು, ಅದು ಬೇರೆ ಮಾತು;
ಮಿಕ್ಕ ದಿನ ಯಾರೂ ಯಾರಿಗೂ ಕಾಯುವುದಿಲ್ಲ.
ಗೇಟಿನ ಕಂಬ ಗುಜರಿಗೆ, ನಾನು ಪಿಂಚಣಿಗೆ.

ಮೊನ್ನೆ ಮೊಮ್ಮಗಳ ಸ್ಕೂಟರಿನ ಹಿಂದೆ ಕೂತು ಹೊರಟೆ.
ಇಳಿಜಾರು ಸಿಕ್ಕ ಹೊತ್ತಿಗೆ
ನನ್ನ ಬಲಗೈ ತಾನಾಗಿ ಮೇಲೆದ್ದಿತಂತೆ.
ಹಿಂದಿನ ಲಾರಿಯವನು, ಪಾಪ,
ನಾವು ತಿರುಗುತ್ತೇವೆಂದುಕೊಂಡು ಬ್ರೇಕು ಒತ್ತಿದ.
ಅವನ ಹಿಂದೆ ಬಸ್ಸು, ಬಸ್ಸಿನ ಹಿಂದೆ ಕಾರು,
ಕಾರಿನ ಹಿಂದೆ ಬಾಳೆಗೊನೆಯ ಟೆಂಪೊ.

ಹಾರನ್ನು ಶುರುವಾಯಿತು.
ಯಾರೋ ನನ್ನಪ್ಪನ ಹೆಸರೆತ್ತಿ ಬೈದರು.

ಎಷ್ಟು ವರ್ಷವಾಗಿತ್ತು.