ಕನಿಷ್ಠ ಅರ್ಹತೆ

ಆರು ಮಷೀನು. ಆರನೇದಕ್ಕ ಹುಡುಗರು ಇಟ್ಟ ಹೆಸರು ಮುತ್ಯಾ.
ಚಾಲೂ ಮಾಡಿದರ ಮೊದಲ ಕೆಮ್ಮತೈತಿ,
ಆಮ್ಯಾಲ ಫ್ಯಾನು, ಆಮ್ಯಾಲ ಬೆಳಕು.
ಅಷ್ಟರೊಳಗ ನಾ ಎರಡು ಚಾ ಸೋಸಿರತೀನಿ.

ವಾಸ್ಕೋದಾಗ ಎಲ್ಲಾ ಯಂತ್ರಕ್ಕೂ ಎರಡ ರೋಗ:
ಸಮುದ್ರದ ಉಪ್ಪು, ಬಂದರದ ಕಲ್ಲಿದ್ದಲಿ ಪುಡಿ.
ರವಿವಾರ ಮುಂಜಾನೆ ನಮ್ಮವರ ಹಳೇ ದಾಡಿ ಬ್ರಷ್ ತಗೊಂಡು
ಮುತ್ಯಾನ ಎದಿ ಬಿಚ್ಚಿ ಝಾಡಿಸತೀನಿ.
ಹಾಳಿ ಮ್ಯಾಲ ಬೀಳೋ ಕರಿ
ಕಣ್ಣಿಗೆ ಹಚ್ಚಬಹುದು, ಅಷ್ಟು ಸಣ್ಣ.

ಮಂಗಳವಾರ ಸಾಂತಾನ್ ಬಂದ, ಜೋಡಿಗೆ ಹುಸೇನಿ.
"ಅಕ್ಕಾ, ಹೊಸಾ ಆಟ. ಅದಕ್ಕ ಇಷ್ಟು ಬೇಕಂತ."
ಮೊಬೈಲಿನಾಗ ಎರಡು ಸಾಲು ಪಟ್ಟಿ,
ಕನಿಷ್ಠ ಅಂತ ಒಂದು, ಶಿಫಾರಸು ಅಂತ ಒಂದು.
ಹದಿನಾರು ಜೀಬಿ ನೆನಪು. ನಮ್ಮವಕ್ಕ ಎಂಟು.
ಎಂಟು ಜೀಬಿ ಕಾರ್ಡು. ನಮ್ಮವಕ್ಕ ಎರಡು,
ಅದೂ ಮಡಗಾಂವದ ಅಂಗಡ್ಯಾವ
"ಹತ್ತು ವರ್ಷ ಚಿಂತಿ ಬ್ಯಾಡ" ಅಂತ ಕೊಟ್ಟದ್ದು.
ಹ್ವಾದ ದೀಪಾವಳಿಗೆ ಹತ್ತು ತುಂಬಿದವು.
ಮಾತಿಗೆ ತಪ್ಪಲಿಲ್ಲ ಪುಣ್ಯಾತ್ಮ.

ಶಿಫಾರಸಿನ ಕಡೆ ಕಣ್ಣು ಹಾಯಿಸಲಿಲ್ಲ ನಾ.
ಪಣಜಿ ಫ್ಲ್ಯಾಟಿನ ಜಾಹೀರಾತು ಓದಿ ಮಾಡೂದೇನು?

ಎರಡು ರಾತ್ರಿ ಇಳೀತು ಆಟ.
ಜಾಗಾ ಸಾಲದ ಹಳೇ ಆಟ ಮೂರು ಅಳಿಸಿದಿವಿ.
ಒಂದು ಫೋಲ್ಡರಿಗೆ ಮಾತ್ರ ಕೈ ಹಚ್ಚಬ್ಯಾಡ ಅಂದೆ:
ಓಣಿ ಮಂದಿಗೆ ನಾ ತುಂಬಿಕೊಟ್ಟ ಅರ್ಜಿ,
ಹದಿನೈದು ವರ್ಷ ಇಲ್ಲೇ ಇದ್ದೀವಿ ಅನ್ನೂದಕ್ಕ
ಕರೆಂಟ್ ಬಿಲ್ಲು, ಶಾಲಿ ದಾಖಲೆ, ಸುಟ್ಟಹೋದ ಬಾಡಿಗಿ ಚೀಟಿಯ ಫೋಟೊ.
ಬಾಳ ವಾಪಸ್ ಬಂದಾವು.
ಅಲ್ಲೂ ಮ್ಯಾಲ ಬರದಿರತಾರ: ಕನಿಷ್ಠ.

ಶುಕ್ರವಾರ ಸಂಜಿಗೆ ತೆಗದಿವಿ.
ಒಂದು ಹೆಜ್ಜಿ. ತಡಿ. ಇನ್ನೊಂದು ಹೆಜ್ಜಿ.
"ಮದುವಿ ಅಲ್ಬಮ್ ತಿರುವಿದಂಗಾತು," ಅಂದ ಹುಸೇನಿ.

ಸೆಟ್ಟಿಂಗಿಗೆ ಹೋಗಿ ಒಂದೊಂದ ಕಳಚಿದಿವಿ.
ನೆರಳು? ಬ್ಯಾಡ.
ಹುಲ್ಲು ಅಲುಗೂದು? ಬ್ಯಾಡ.
ದೂರದ ಗುಡ್ಡ? ಮಂಜು ಮುಚ್ಚಲಿ.
ಕೂದಲಿನ ಹೊಳಪು? ಸಾಂತಾನ್ ತಲಿ ಮ್ಯಾಲ ಕೈಯಾಡಿಸಿ
ಅದೂ ಬ್ಯಾಡ ಅಂದ.
ಕಡೀಕ ನೀರು.
ತೆರಿ ಹೋತು, ಅದರ ಮ್ಯಾಲಿನ ಚಂದ್ರ ಹ್ವಾದ,
ತಗಡಿನಂಥಾದ್ದು ಒಂದು ಬೂದಿ ಬಣ್ಣ ಉಳೀತು.

"ಅರೆ, ಇದು ನಮ್ಮ ಬೈನಾ!"
ಸಾಂತಾನನ ಅಪ್ಪ ಟ್ರಾಲರ್ ಮ್ಯಾಲ ಇರತಾನ. ಅವಂಗ ಗೊತ್ತು,
ಹಡಗು ಕಲ್ಲಿದ್ದಲಿ ಇಳಿಸೋ ದಿನ
ನೀರು ಹೆಂಗ ಮಕಾ ಮುಚ್ಚಿ ಮಲಗತೈತಿ ಅಂತ.

ಮೂಲ್ಯಾಗ ಅಂಕಿ ಕುಣೀತು. ಇಪ್ಪತ್ತಾರು. ಇಪ್ಪತ್ತೆಂಟು.
ಮಂದಿ ಬಂದರ ಹದಿನೇಳು, ಬಾಂಬು ಬಿದ್ದರ ಒಂಬತ್ತು.
ಅರ್ಧಾ ತಾಸಿನಾಗ ಹುಡುಗರು ಕಲತರು:
"ಸಂತಿ ಕಡೆ ಹೋಗಬ್ಯಾಡಲೇ, ಮುತ್ಯಾಗ ಆಗಂಗಿಲ್ಲ."
"ಹಿಂದಿನ ಓಣಿ ಹಿಡಿ."
"ಮಳಿ ಬರಾಕತ್ತೈತಿ, ಒಳಗ ನಿಲ್ಲು."
ಯುದ್ಧದ ಆಟ ಅದು. ಮಾಡಿದವರು ಏನ ಅಂದುಕೊಂಡಿದ್ರೋ,
ಇವರು ಖಾಲಿ ಗಲ್ಲಿಯೊಳಗ
ನೆರಳಿಲ್ಲದ ಮನಷ್ಯಾನ್ನ ಸಂಭಾಳಿಸಿ ನಡಿಸಿದರು,
ಆಸ್ಪತ್ರಿಗೆ ಯಾರನ್ನೋ ಕರಕೊಂಡು ಹೊಂಟವರಂಗ.

ದಾಬೋಳಿಯಿಂದ ಬಂದ ಚಸ್ಮಾದ ಹುಡುಗ ನಿಂತು ನೋಡಿದ.
ಅವರ ಮನ್ಯಾಗ ಎಲ್ಲಾ ಹತ್ತೈತಿ, ನೆರಳು ಹುಲ್ಲು ಎಲ್ಲಾ.
"ಇದು ಆ ಆಟನ ಅಲ್ಲ," ಅಂದ.
ಯಾರೂ ತಿರುಗಿ ನೋಡಲಿಲ್ಲ.
ಒಂದು ತಾಸಾದ ಮ್ಯಾಲ ಅವನ ಕೇಳಿದ:
"ಆ ಎಡಗಡೆ ಸಂದಿ ಎಲ್ಲಿಗೆ ಹೋಗತೈತಿ? ನಾ ನೋಡೇ ಇಲ್ಲ."

ತೊಂಬತ್ತು ಡಿಗ್ರಿಗೆ ಮುತ್ಯಾ ಆರಿದ.
ಮಗ್ಗಲು ಬಿಚ್ಚಿ, ಟೇಬಲ್ ಫ್ಯಾನ್ ತಿರುವಿಟ್ಟೆ.
ಸಾಲಿಗೆ ನಿಂತವರ ರೊಕ್ಕ ತಿರುಗಿ ಕೊಟ್ಟೆ.

ಸೋಮವಾರ ಹುಸೇನಿ ಬಂದು ಅಂಗಿ ಕಿಸೆಯಿಂದ ತೆಗದ,
ಬೀಡಿ ಕಾಗದದಾಗ ಸುತ್ತಿದ ನಾಕು ಜೀಬಿ ತುಣುಕು.
ಗುಜರಿಯಂವ ತೂಕಕ್ಕ ಕೊಟ್ಟನಂತ.
"ಅಕ್ಕಾ, ಈಗ ನೀರು ವಾಪಸ್ ಹಾಕಬಹುದಲ್ಲಾ?"

ನೆನಪಿಗೂ ನೀರಿಗೂ ಅಷ್ಟು ಸಂಬಂಧ ಇಲ್ಲ. ನಂಗ ಗೊತ್ತೈತಿ.
ಇಕ್ಕಳ ಹುಡುಕಿದೆ. ತುಣುಕಿನ ಬಂಗಾರದ ಹಲ್ಲಿಗೆ
ರಬ್ಬರ್ ತಿಕ್ಕಿ ಕೂಡಿಸಿದೆ, ಟಕ್ ಅಂತು.
"ಮೊದಲ ಒಂದ ತೆರಿ ಹಾಕಿ ನೋಡೂಣು," ಅಂದೆ.