ಖಾಲಿ ಫೋನಿಗೆ ಊರು ತೋರಿಸುವುದು

ಕೊನೆಯ ಕಸಾರಾ ಲೋಕಲ್ಲು
ಡೊಂಬಿವಲಿ ದಾಟಿದ ಮೇಲೆ ನೆಟ್ಟು ಸ್ವಲ್ಪ ಸರಾಗ.
ಇಳಿಯುತ್ತಿದೆ ಹೊಸ ಆವೃತ್ತಿ,
ಹದಿನಾಲ್ಕು ಜೀಬಿಯಲ್ಲಿ ಒಂಬತ್ತು. ನಿಂತಿತು.
ಡಿಸ್ಕಿನಲ್ಲಿ ಜಾಗವಿಲ್ಲವಂತೆ.

ಜಾಗವಿಲ್ಲ ಅಂದರೆ
ಈ ಊರಲ್ಲಿ ಯಾರು ನಂಬುತ್ತಾರೆ?
ಮೂವರ ಸೀಟಿಗೆ ನಾಲ್ಕನೆಯವಳಾಗಿ
ಅರ್ಧ ತೊಡೆಯೂರಿ ಬೈಕಲಾವರೆಗೆ ಹೋಗುವವಳು ನಾನು.
ಸರಕಾ ಜರಾ, ಅಂದೆ.
ಹಳೆಯ ಎಮ್ಯುಲೇಟರು ಎರಡನ್ನು ಅಳಿಸಿದೆ.
ಅವುಗಳೊಳಗಿದ್ದರು ನಾನೇ ಹುಟ್ಟಿಸಿದ ಸುಳ್ಳು ಮಂದಿ,
ಅಆಇ ಪಾಟೀಲ, ಟೆಸ್ಟ್ ಬಾಯಿ, ಟೆಸ್ಟ್ ಬಾಯಿ ಎರಡು.
ಯಾರೂ ಅಳಲಿಲ್ಲ.

ನಾಳೆಯೋ ನಾಡಿದ್ದೋ
ಉಜ್ವಲಾ ಘರತ್ ಮಾಮಿಯ ಫೋನು
ಹೇಳದೆ ಕೇಳದೆ ಹೊಸದಾಗುತ್ತದೆ.
ಏಳು ನಲವತ್ತೆಂಟರ ಲೇಡೀಸ್ ಡಬ್ಬಿಯ ಭಿಶಿ,
ಇಪ್ಪತ್ಮೂರು ಹೆಂಗಸರು, ತಿಂಗಳಿಗೆ ಎರಡೆರಡು ಸಾವಿರ,
ಲೆಕ್ಕ ನನ್ನ ಆ್ಯಪಿನಲ್ಲಿ.
ಹೋದ ಸಲ ಹೀಗೇ ಆದಾಗ
ಪರ್ವೀನ್ ಮುಕಾದಮಳ ಸರದಿ ಬಂದದ್ದನ್ನು
ಆ್ಯಪು ಯಾರಿಗೂ ಹೇಳಲಿಲ್ಲ.
ಆ್ಯಪು ಸುಮ್ಮನಿತ್ತು. ಪರ್ವೀನ್ ಸುಮ್ಮನಿರಲಿಲ್ಲ.

ಕೆಂಪು ಅಕ್ಷರ. ಜಾವಾ ಹಳೆಯದಂತೆ.
ಅದನ್ನು ಏರಿಸಿದರೆ ಗ್ರೇಡಲ್ಲಿಗೆ ಮುನಿಸು,
ಗ್ರೇಡಲ್ಲನ್ನು ರಮಿಸಿದರೆ ಪ್ಲಗಿನ್ನು ಎದ್ದು ಹೊರಟಿತು.
ಬೀಗರ ಪಂಕ್ತಿ ಇದು,
ಒಬ್ಬರೆಲೆಗೆ ತುಪ್ಪ ಬಿದ್ದರೆ ಇನ್ನೊಬ್ಬರ ಮೋರೆ ದಪ್ಪ.

ಎರಡೂವರೆಗೆ ಎದ್ದಿತು,
ಯಾವ ಕೈಯೂ ಹಿಡಿಯದ ಫೋನು.
ಬ್ಯಾಟರಿ ಸದಾ ನೂರು. ಗಾಜಿಗೆ ಬಿರುಕಿಲ್ಲ.
ನಕಾಶೆ ತೆರೆದರೆ, ಪಾಪ,
ಕ್ಯಾಲಿಫೋರ್ನಿಯಾದಲ್ಲಿದ್ದೇನೆ ಅನ್ನುತ್ತದೆ.
ಹತ್ತೊಂಬತ್ತು ಬಿಂದು ಎರಡು ಒಂದು,
ಎಪ್ಪತ್ಮೂರು ಬಿಂದು ಸೊನ್ನೆ ಎಂಟು.
ಇಳಿ ಮಗಾ, ಇದು ಡೊಂಬಿವಲಿ.
ಚಾರ್ಜು ನಾಲ್ಕಕ್ಕಿಳಿಸಿದೆ, ಸಿಗ್ನಲ್ಲನ್ನು
ಖಾಡಿಯ ಸೇತುವೆ ಮೇಲಿರುವಷ್ಟೇ ಇಟ್ಟೆ.
ಈಗ ಇದು ಮಾಮಿಯ ಫೋನು.

ಭಿಶಿಗೇನೂ ಬೇಕಿಲ್ಲ, ಆದರೂ
ಪ್ರತಿ ಹೊಸ ಆವೃತ್ತಿಯಲ್ಲಿ ನಾನು ಬರೆದು ನೋಡುವ
ಮೊದಲ ಪದ ಒಂದಿದೆ: ಸ್ತ್ರೀ.
ಒಮ್ಮೆ ಇದೇ ಪದ ಒಡೆದು
ಸಕಾರ ಇಲ್ಲಿ, ತಕಾರ ಅಲ್ಲಿ,
ಚಪ್ಪಲಿ ಕಿತ್ತವರ ಹಾಗೆ ಸಾಲಾಗಿ ನಿಂತಿತ್ತು.
ಇವತ್ತು ಸರಿಯಾಗಿ ಕೂತಿದೆ,
ಸ, ಅಡಿಗೆ ತ, ಪಕ್ಕ ಒತ್ತಿಕೊಂಡು ರ,
ಅಂಚಿನಲ್ಲಿ ಅರ್ಧ ತೊಡೆಯೂರಿ ದೀರ್ಘ.

ಇನ್ನು ಸೂಚನೆ. ಹೊಸ ಕಾನೂನಂತೆ
ಆ್ಯಪು ಬಾಯಿ ಬಿಡುವ ಮೊದಲು ಅನುಮತಿ ಕೇಳಬೇಕು.
ಕೇಳಿತು. ಮಾಮಿಯಾಗಿ ಯೋಚಿಸಿದೆ.
ಕೇಳಿದ್ದಕ್ಕೆಲ್ಲ ‘ಬೇಡ’ ಒತ್ತುವುದು ಮಾಮಿಯ ಅಭ್ಯಾಸ.

ಇದಕ್ಕೆ ಕೋಡಿಲ್ಲ.
ಬೆಳಿಗ್ಗೆ ಡಬ್ಬಿಯಲ್ಲಿ ಪಕ್ಕ ಕೂತು
ನಾನೇ ಹೇಳಬೇಕು.